ನಡೆಯುವವರ ಬೀದಿಯಲ್ಲಿ ಕೂರುವವರಿಗೆ ಜಾಗ



ನಾವು ಪುಸ್ತಕವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ, ಚಲನಚಿತ್ರವನ್ನಂತೂ ಬಿಡುಗಡೆಯಾದ ದಿನವೇ ವಿಮರ್ಶಿಸಿ ಮುಗಿಸುತ್ತೇವೆ. ಆದರೆ ದಿನವೂ ಕಾಲಿಡುವ ಬೀದಿಯನ್ನು ವಿಮರ್ಶಿಸುವ ಅಭ್ಯಾಸ ನಮಗಿಲ್ಲ. ಬೀದಿಯ ಬಗೆಗೆ ನಮ್ಮಲ್ಲಿರುವುದು ದೂರುಗಳು ಮಾತ್ರ: ಗುಂಡಿ ಬಿದ್ದಿದೆ, ಚರಂಡಿ ಕಟ್ಟಿದೆ, ದೀಪ ಉರಿಯುತ್ತಿಲ್ಲ. ದೂರು ಬೇರೆ, ವಿಮರ್ಶೆ ಬೇರೆ. ದೂರುವವನು ಕೆಟ್ಟಿರುವುದನ್ನಷ್ಟೇ ಕಾಣುತ್ತಾನೆ. ವಿಮರ್ಶಿಸುವವನು, ಇದನ್ನು ಕಟ್ಟಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು, ಯಾರನ್ನು ಮರೆತರು ಎಂದು ಕೇಳುತ್ತಾನೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಎಂಬ ಬೀದಿಯ ಮುಂದೆ ಈ ಎರಡು ಪ್ರಶ್ನೆಗಳನ್ನು ಇಡುವುದು ಈ ಲೇಖನದ ಉದ್ದೇಶ. ಮಂಡ್ಯದ ಓದುಗರಿಗೆ ಬೆಂಗಳೂರಿನ ಬೀದಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಲೇಖನದ ಕೊನೆಯಲ್ಲಿದೆ. ಅಲ್ಲಿಯವರೆಗೆ ದಯವಿಟ್ಟು ಜೊತೆಯಲ್ಲಿ ನಡೆಯಿರಿ.

ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣಿನ ಪರೀಕ್ಷೆಗೆಂದು ಅವಳನ್ನು ಮಂಡ್ಯದಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದಿದ್ದೆ. ಮದ್ದೂರಿನಲ್ಲಿ ವಡೆ ಮಾರುವವನು ಬಂದಾಗ ಎರಡು ಕೊಂಡೆವು. ಅವ್ವ ಒಂದನ್ನು ಮುರಿದು ಅರ್ಧ ತಿಂದು, ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ನೀರಿನ ಬಾಟಲಿ ಕೊಟ್ಟರೆ ಬೇಡವೆಂದಳು. ಒಣ ವಡೆ ತಿಂದವಳು ನೀರು ಏಕೆ ಬೇಡವೆಂದಳೆಂದು ನಾನು ಆಗ ಯೋಚಿಸಲಿಲ್ಲ. ಪರೀಕ್ಷೆ ಬೇಗ ಮುಗಿಯಿತು. ಹಿಂದಿರುಗುವ ರೈಲಿಗೆ ಮೂರು ಗಂಟೆಗಳಿದ್ದವು. ಕಾಲೇಜಿನ ದಿನಗಳಿಂದಲೂ ನನಗೆ ಪ್ರಿಯವಾದ ಬೀದಿಯೊಂದನ್ನು ಅವ್ವನಿಗೆ ತೋರಿಸಬೇಕೆನ್ನಿಸಿತು. ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದೆವು.

ಬೀದಿಯ ಚರಿತ್ರೆ

ಚರ್ಚ್ ಸ್ಟ್ರೀಟ್ ಎಂ.ಜಿ. ರಸ್ತೆಗೆ ಸಮಾನಾಂತರವಾಗಿ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಹಬ್ಬಿರುವ, ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಬೀದಿ. ಅದಕ್ಕೆ ಹೆಸರು ಬಂದದ್ದು ಅದರ ಪಶ್ಚಿಮದ ತುದಿಯ ಸಮೀಪದಲ್ಲಿರುವ ಸಂತ ಮಾರ್ಕನ ಮಹಾದೇವಾಲಯದಿಂದ. 1812ರಲ್ಲಿ ಕಟ್ಟಿ ಮುಗಿಸಿ 1816ರಲ್ಲಿ ಪ್ರತಿಷ್ಠಿತವಾದ ಆ ದೇವಾಲಯ ದಂಡಿನ ಸೈನಿಕರಿಗೂ ಅಧಿಕಾರಿಗಳಿಗೂ ಆರಾಧನೆಯ ಸ್ಥಳವಾಗಿತ್ತು. ದಂಡು ಹೋಯಿತು, ಆಳಿದವರು ಹೋದರು, ಹೆಸರು ಮಾತ್ರ ಉಳಿಯಿತು. ಇಂದು ಆ ಬೀದಿಗೆ ಬರುವವರಲ್ಲಿ ಹೆಚ್ಚಿನವರು ಬರುವುದು ಪುಸ್ತಕಕ್ಕಾಗಿ, ಊಟಕ್ಕಾಗಿ, ಗೆಳೆಯರಿಗಾಗಿ. ಹಳೆಯ ಪುಸ್ತಕಗಳ ರಾಶಿಯ ನಡುವೆ ಅರ್ಧ ದಿನ ಕಳೆಯಬಹುದಾದ ಬ್ಲಾಸಮ್, ಬುಕ್‌ವರ್ಮ್‌ನಂತಹ ಅಂಗಡಿಗಳು ಅಲ್ಲಿವೆ. ಐದು ದಶಕ ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ನೆಲೆ ಕಳೆದುಕೊಂಡು ಬಂದು ಸೇರಿದ್ದೂ ಈ ಬೀದಿಯನ್ನೇ.

2017ರಲ್ಲಿ ಬೀದಿಯನ್ನು ಅಗೆಯಲಾಯಿತು. ಒಂದು ವರ್ಷ ಧೂಳು ಕುಡಿದ ಮೇಲೆ 2018ರ ಮಾರ್ಚ್ ತಿಂಗಳಲ್ಲಿ ಅದು ಹೊಸ ರೂಪದಲ್ಲಿ ತೆರೆಯಿತು. ಡಾಂಬರಿನ ಬದಲು ಕಲ್ಲು ಹಾಸು ಬಂದಿತು. ವಿದ್ಯುತ್ತು, ನೀರು, ಒಳಚರಂಡಿ, ದೂರವಾಣಿಯ ಕೊಳವೆಗಳೆಲ್ಲ ನೆಲದಡಿಯಲ್ಲಿ ಕ್ರಮವಾಗಿ ಮಲಗಿದವು. ಕಾಲುದಾರಿ ಅಗಲವಾಯಿತು, ಗಾಡಿಗಳ ದಾರಿ ಕಿರಿದಾಯಿತು. 2020ರ ನವೆಂಬರಿನಿಂದ ಕೆಲವು ತಿಂಗಳ ಕಾಲ, ಸಾಂಕ್ರಾಮಿಕದ ನಡುವೆಯೇ, ಶನಿವಾರ ಭಾನುವಾರಗಳಲ್ಲಿ ವಾಹನಗಳನ್ನು ಪೂರ್ತಿ ತಡೆದು ನಡೆಯುವವರಿಗಷ್ಟೇ ಬೀದಿಯನ್ನು ಬಿಟ್ಟುಕೊಡುವ ಪ್ರಯೋಗವೂ ನಡೆಯಿತು. ಗಾಳಿ ಎಷ್ಟು ಶುದ್ಧವಾಯಿತೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಅಳೆದು ನೋಡಿದರು. ಪ್ರಯೋಗದ ಅವಧಿ ಮುಗಿದ ಮೇಲೆ ವಾಹನಗಳು ಮರಳಿದವು. ಆದರೂ ಆ ಕೆಲವು ವಾರಾಂತ್ಯಗಳು ಒಂದು ಸತ್ಯವನ್ನು ತೋರಿಸಿಕೊಟ್ಟವು: ಗಾಡಿಗಳು ಒಂದು ದಿನ ದೂರ ನಿಂತರೆ ನಗರವೇನೂ ಮುಳುಗಿಹೋಗುವುದಿಲ್ಲ.

ಕಲ್ಪನೆಯ ಮೂಲ

ನಡೆಯುವವರಿಗಾಗಿಯೇ ಪೇಟೆ ಕಟ್ಟಬೇಕೆಂಬ ಆಲೋಚನೆ ಬೆಂಗಳೂರಿನದಲ್ಲ. 1940ರ ಮೇ 14ರಂದು ಜರ್ಮನ್ ವಿಮಾನಗಳ ಬಾಂಬು ದಾಳಿಗೆ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ನಗರದ ಹೃದಯಭಾಗ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅಂಗಡಿ ಕಳೆದುಕೊಂಡ ವರ್ತಕರಿಗಾಗಿ ವಾನ್ ಡೆನ್ ಬ್ರೂಕ್ ಮತ್ತು ಬಾಕೆಮಾ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಲೈನ್‌ಬಾನ್ ಎಂಬ ಪೇಟೆಯನ್ನು ರೂಪಿಸಿದರು. ಅದು 1953ರಲ್ಲಿ ತೆರೆಯಿತು. ಎರಡೂ ಬದಿಗೆ ತಗ್ಗಾದ ಅಂಗಡಿಸಾಲು, ಮಳೆಗೆ ನೆನೆಯದಂತೆ ಮುಂಚಾಚಿದ ಸೂರು, ನಡುವೆ ಹೂವಿನ ಪಾತಿ, ಕೂರಲು ಬೆಂಚು. ಸರಕಿನ ಗಾಡಿಗಳು ಬರುವುದು ಅಂಗಡಿಗಳ ಹಿಂಬದಿಯಿಂದ. ಮುಂಬದಿಯಲ್ಲಿ ಮನುಷ್ಯ ಮಾತ್ರ. ಆಧುನಿಕತಾವಾದದ ವಾಸ್ತುಶಿಲ್ಪಿಗಳನ್ನು ನಾವು ಸಾಮಾನ್ಯವಾಗಿ ಕಾಂಕ್ರೀಟಿನ ಎತ್ತರದ ಗೋಪುರಗಳಿಂದ ಗುರುತಿಸುತ್ತೇವೆ. ಆದರೆ ಅವರಲ್ಲಿಯೇ ಕೆಲವರು 1951ರಲ್ಲಿ ಇಂಗ್ಲೆಂಡಿನಲ್ಲಿ ಸೇರಿ ನಗರದ ಹೃದಯ ಎಂಬ ವಿಷಯದ ಮೇಲೆಯೇ ಚರ್ಚಿಸಿದ್ದರು. ಯಂತ್ರಗಳ ನಡುವೆ ಮನುಷ್ಯರು ಮುಖಾಮುಖಿಯಾಗುವ ಸ್ಥಳ ಎಲ್ಲಿ ಎಂಬುದು ಅವರ ಚಿಂತೆಯಾಗಿತ್ತು.

ಅದೇ ಚಿಂತೆ ಭಾರತಕ್ಕೂ ಬಂದಿತು. ಲೆ ಕಾರ್ಬೂಸಿಯೆ ರೂಪಿಸಿದ ಚಂಡೀಗಢದ 17ನೆಯ ಸೆಕ್ಟರಿನಲ್ಲಿ ಕಾರುಗಳು ಅಂಚಿನಲ್ಲೇ ನಿಲ್ಲಬೇಕು. ಒಳಗಿನ ವಿಶಾಲ ಅಂಗಳ ನಡೆಯುವವರದು. ಅಂಗಡಿಗಳ ಮುಂದೆ ಕಾಂಕ್ರೀಟ್ ಕಂಬಗಳ ಉದ್ದನೆಯ ಪಡಸಾಲೆ, ಬಿಸಿಲಿಗೂ ಮಳೆಗೂ ಆಸರೆ. ಎಷ್ಟೋ ತಲೆಮಾರುಗಳು ಸಂಜೆಯ ಹೊತ್ತು ಅಲ್ಲಿ ಸುಮ್ಮನೆ ಅಡ್ಡಾಡಿವೆ. 2013ರಲ್ಲಿ ನಗರದಲ್ಲಿ ದೊಡ್ಡ ಮಾಲ್ ತೆರೆದ ಮೇಲೆ ಆ ಅಂಗಳದ ಜನಸಂದಣಿ ತೆಳುವಾಯಿತು. ರೋಟರ್‌ಡ್ಯಾಮಿನ ಪೇಟೆಗೂ ಅಂಗಡಿ ಮುಚ್ಚಿದ ಮೇಲೆ ರಾತ್ರಿಯ ಹೊತ್ತು ಬಿಕೋ ಎನ್ನುತ್ತದೆಂಬ ಆಕ್ಷೇಪ ಇದ್ದೇ ಇತ್ತು. ಕೊಳ್ಳುವಿಕೆಯೊಂದನ್ನೇ ನಂಬಿ ಕಟ್ಟಿದ ಪೇಟೆ, ಕೊಳ್ಳುವವರು ಬೇರೆಡೆಗೆ ತಿರುಗಿದ ದಿನ ಅನಾಥವಾಗುತ್ತದೆ.

ಕಾವಲುಗಾರನ ಮಾತು

ಇನ್ನು ನಮ್ಮ ಬೀದಿಗೆ ಬರೋಣ. ಮೊದಲು ಗುಣವನ್ನೇ ಹೇಳಬೇಕು. ಮಂಡ್ಯದಲ್ಲಿ ಅವ್ವನೊಡನೆ ಹೊರಗೆ ಹೊರಟರೆ ನನ್ನ ಒಂದು ಕೈ ಸದಾ ಅವಳ ಮೊಣಕೈಯ ಮೇಲಿರುತ್ತದೆ. ಚರ್ಚ್ ಸ್ಟ್ರೀಟಿನಲ್ಲಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಾನು ಕೈ ಬಿಟ್ಟಿದ್ದೆ. ಅವಳು ತಾನೇ ನಡೆದಳು. ತಲೆಯೆತ್ತಿ ನಡೆದಳು. ನಮ್ಮೂರಿನಲ್ಲಿ ಅವಳು ನೆಲ ನೋಡಿಕೊಂಡು ನಡೆಯುತ್ತಾಳೆ. ಚಪ್ಪಡಿ ಎಲ್ಲಿ ಒಡೆದಿದೆಯೋ, ಬೈಕು ಯಾವ ಕಡೆಯಿಂದ ನುಗ್ಗುತ್ತದೆಯೋ ಎಂಬ ಭಯ. ಇಲ್ಲಿ ಅವಳು ಅಂಗಡಿಗಳ ಗಾಜಿನ ಹಿಂದಿನ ಗೊಂಬೆಗಳನ್ನು ನೋಡಿದಳು, ಗೋಡೆಯ ಮೇಲಿನ ಚಿತ್ರಗಳನ್ನು ನೋಡಿದಳು, ಗಿಟಾರು ಹಿಡಿದು ಹಾಡುತ್ತಿದ್ದ ಹುಡುಗನೊಬ್ಬನ ಮುಂದೆ ನಿಂತು ಸೆರಗಿನ ತುದಿಯಿಂದ ಹತ್ತು ರೂಪಾಯಿ ಬಿಚ್ಚಿ ಕೊಟ್ಟಳು. ಒಬ್ಬ ಮುದುಕಿಗೆ ತಲೆಯೆತ್ತಿ ನಡೆಯುವ ಧೈರ್ಯವನ್ನು ಕೊಟ್ಟ ಬೀದಿಯನ್ನು ಲಘುವಾಗಿ ಕಾಣಲಾಗದು. ಇದನ್ನು ಯೋಜಿಸಿದವರಿಗೆ ನನ್ನ ಪ್ರಾಮಾಣಿಕ ನಮಸ್ಕಾರ ಸಲ್ಲಬೇಕು.

ಅರ್ಧ ದಾರಿ ಸಾಗುವಷ್ಟರಲ್ಲಿ ಅವಳಿಗೆ ಆಯಾಸವಾಯಿತು. ಕಲ್ಲುಹಾಸು ನೋಡಲು ಚೆಂದ. ಮಂಡಿ ಸವೆದವರಿಗೆ ಅದರ ಪ್ರತಿ ಸಂದೂ ತಿಳಿಯುತ್ತದೆ. ಕೂರಲು ಜಾಗ ಹುಡುಕಿದೆ. ಇದ್ದ ಒಂದೆರಡು ಕಡೆಗಳಲ್ಲಿ ಮಕ್ಕಳು ಕುಳಿತಿದ್ದರು. ಉಳಿದ ಕಡೆ ಬಿಸಿಲು. ಸುತ್ತ ಕುರ್ಚಿಗಳಿಗೇನೂ ಕೊರತೆಯಿರಲಿಲ್ಲ, ಆದರೆ ಅವೆಲ್ಲ ಹೋಟೆಲುಗಳ ಒಳಗಿದ್ದವು. ಒಂದು ಕಾಫಿಯ ಬೆಲೆ ಕೊಟ್ಟರೆ ಒಂದು ಕುರ್ಚಿ. ಕೊಡಲು ನಾನು ಸಿದ್ಧನಿದ್ದೆ, ಅವ್ವ ಸಿದ್ಧಳಿರಲಿಲ್ಲ. ಕುಡಿಯಲು ಬೇಡವಾದ ಕಾಫಿಗೆ ದುಡ್ಡೇಕೆ ಎಂದು, ಮುಂದಿನ ಅಂಗಡಿಯ ಮೆಟ್ಟಿಲಿನ ಮೇಲೆ ಸೆರಗು ಹೊದ್ದು ಕುಳಿತುಬಿಟ್ಟಳು. ಎರಡು ನಿಮಿಷವಾಗಿರಬಹುದು. ಕಾವಲುಗಾರ ಬಂದ. ಅವನೂ ವಯಸ್ಸಾದವನೇ. ಒರಟಾಗಿ ಮಾತನಾಡಲಿಲ್ಲ.

“ಅಮ್ಮ, ಇಲ್ಲಿ ಕೂರಂಗಿಲ್ಲ. ಒಳಗಡೆಯಿಂದ ನೋಡ್ತಾವ್ರೆ.”

ಅವ್ವ ಎದ್ದಳು. ಅವನನ್ನು ಬೈಯಲಿಲ್ಲ. “ಪಾಪ, ಅವನ ಕೆಲ್ಸ ಅದು” ಎಂದಳು. ಸ್ವಲ್ಪ ದೂರ ನಡೆದ ಮೇಲೆ ನನ್ನನ್ನು ಕೇಳಿದಳು: “ಇಲ್ಲಿಗೆ ಸುಸ್ತಾದೋರು ಯಾರೂ ಬರಾಕಿಲ್ವ ಮಗ?”

ಬೀದಿಯೊಂದರ ಬಗೆಗೆ ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಓದಿಲ್ಲ. ಬೀದಿಯನ್ನು ಕಟ್ಟಿದವರ ಕಣ್ಣಿನಲ್ಲಿದ್ದುದು ಸುಸ್ತಾಗದ ಮನುಷ್ಯ: ಇಪ್ಪತ್ತೈದರ ಪ್ರಾಯ, ಗಟ್ಟಿ ಮಂಡಿ, ಜೇಬಿನಲ್ಲಿ ಹಣ. ಅವನು ನಡೆಯುತ್ತಾನೆ, ಕೊಳ್ಳುತ್ತಾನೆ, ಮತ್ತೆ ನಡೆಯುತ್ತಾನೆ. ಕೂರಬೇಕೆನ್ನಿಸಿದರೆ ಹಣ ಕೊಟ್ಟು ಕೂರುತ್ತಾನೆ.

ಹಿಂದಿರುಗುವಾಗ ರೈಲಿನಲ್ಲಿ, ಸಂಜೆಯ ಹೊತ್ತಿಗೆ, ಅವ್ವ ಬಾಟಲಿಯ ನೀರನ್ನು ಒಂದೇ ಸಲ ಅರ್ಧ ಕುಡಿದಳು. ಬೆಳಗ್ಗೆ ಏಕೆ ಬೇಡವೆಂದೆ ಎಂದು ಆಗ ಕೇಳಿದೆ. ಅವಳು ನನ್ನ ಮುಖ ನೋಡದೆ, ಪರಸ್ಥಳಕ್ಕೆ ಹೋಗುವಾಗ ಹೆಂಗಸರು ನೀರು ಕುಡಿಯುವುದಿಲ್ಲ ಎಂದಷ್ಟೇ ಹೇಳಿದಳು. ಆಗ ನೆನಪಾಯಿತು. ನನ್ನ ಬಾಲ್ಯದಲ್ಲಿ ಮಳವಳ್ಳಿಯ ಸಂತೆಗೆ ಹೊರಡುವ ದಿನವೂ ಅವಳು ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಅದನ್ನು ಯಾವುದೋ ಹರಕೆಯೆಂದು ನಾನು ತಿಳಿದಿದ್ದೆ. ಅದು ಹರಕೆಯಾಗಿರಲಿಲ್ಲ, ಅವಳಂಥವರು ಹೋಗಬಹುದಾದ ಶೌಚಾಲಯ ಸಂತೆಯಲ್ಲಿ ಇರಲಿಲ್ಲ. ಐವತ್ತು ವರ್ಷಗಳಲ್ಲಿ ಮಳವಳ್ಳಿಯ ಸಂತೆಯಿಂದ ರಾಜಧಾನಿಯ ಕಲ್ಲುಹಾಸಿನ ಬೀದಿಗೆ ಬಂದರೂ, ಅವ್ವನ ಗಂಟಲು ಅದೇ ಲೆಕ್ಕಾಚಾರದಲ್ಲಿ ಒಣಗಿತ್ತು.

ನಮ್ಮ ಜಗಲಿಯೂ ಎಲ್ಲರದಾಗಿರಲಿಲ್ಲ

ಇಲ್ಲಿಗೆ ನಿಲ್ಲಿಸಿ, ಹಳೆಯ ಸಂತೆಯೇ ಲೇಸು, ಪೇಟೆಬೀದಿಯ ಜಗಲಿಯೇ ಲೇಸು ಎಂದು ನಿಟ್ಟುಸಿರು ಬಿಡುವುದು ಸುಲಭ. ಆ ನಿಟ್ಟುಸಿರಿನಲ್ಲಿ ಸ್ವಲ್ಪ ನಿಜವೂ ಇದೆ. ಸಂತೆಯಲ್ಲಿ ಮಾರುವವಳು ಗೋಣಿತಾಟಿನ ಮೇಲೆ ಕುಳಿತಿರುತ್ತಾಳೆ; ಕೊಳ್ಳುವವಳು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬದನೆಕಾಯಿ ಆರಿಸುತ್ತಾಳೆ. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿರುತ್ತವೆ. ಮಂಡ್ಯದ ಪೇಟೆಬೀದಿಯಲ್ಲಿ ಇಂದಿಗೂ ಬಟ್ಟೆ ಅಂಗಡಿಗೆ ಹೋದರೆ ಮೊದಲ ಮಾತು “ಕೂತ್ಕೊಳವ್ವ” ಎಂಬುದೇ, ಸೀರೆ ಆಮೇಲೆ. ಏನೂ ಕೊಳ್ಳದೆ ಎದ್ದು ಬಂದರೂ ಮುಂದಿನ ಸಲ ಅದೇ ಮಾತು.

ಆದರೆ ವಿಮರ್ಶಕ ತನ್ನ ಊರಿಗೆ ವಿನಾಯಿತಿ ಕೊಡಬಾರದು. ಪೇಟೆಬೀದಿಯಲ್ಲಿ ಅಂಗಡಿಯ ಸಾಮಾನು ಹೊರಗೆ ಚಾಚಿ, ಅದರ ಮುಂದೆ ಬೈಕು ನಿಂತು, ನಡೆಯುವವನು ಗಾಡಿಗಳ ನಡುವೆ ದಾರಿ ಹುಡುಕಬೇಕಾದ ಸ್ಥಿತಿಯನ್ನು ಯಾವ ಪ್ರೀತಿಯೂ ಮುಚ್ಚಿಡಲಾರದು. ಅದಕ್ಕಿಂತ ದೊಡ್ಡ ಸತ್ಯವೊಂದಿದೆ. ನಾವು ಹಾಡಿ ಹೊಗಳುವ ಜಗಲಿಗಳ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ಯಾರ ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು, ಯಾರು ಬೀದಿಗೇ ಬರಬಾರದು ಎಂಬುದನ್ನು ಜಾತಿ ನಿರ್ಧರಿಸಿತ್ತು. ಬೀದಿಯಲ್ಲಿ ನಡೆಯುವುದೇ ಒಂದು ಹೋರಾಟವಾಗಿದ್ದ ಕಾಲ ಬಹಳ ಹಿಂದಿನದಲ್ಲ. 1924ರಲ್ಲಿ ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗಲಿಕ್ಕೂ ಅಲ್ಲ, ಅದರ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ಒಮ್ಮೆ ಬಿಡಿಸಿ ನೋಡಿ. ಧರ್ಮ, ಜಾತಿ, ಲಿಂಗ ಮುಂತಾದವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ, ಕೆರೆ, ಬಾವಿ, ರಸ್ತೆಗಳಿಂದ ದೂರವಿಡಕೂಡದೆಂದು ಅದು ವಿಧಿಸುತ್ತದೆ. ದೇಶದ ಮೂಲಭೂತ ಹಕ್ಕುಗಳ ಸಾಲಿನಲ್ಲಿ ಅಂಗಡಿ ಮತ್ತು ರಸ್ತೆ ಎಂಬ ಪದಗಳನ್ನು ಬರೆಯಬೇಕಾಗಿ ಬಂತೆಂದರೆ, ನಮ್ಮ ಹಳೆಯ ಬೀದಿ ಎಂಥದ್ದಾಗಿತ್ತೆಂದು ಊಹಿಸಿಕೊಳ್ಳಬಹುದು.

ಈ ತಕ್ಕಡಿಯಲ್ಲಿಟ್ಟರೆ ಚರ್ಚ್ ಸ್ಟ್ರೀಟ್ ತೂಕದ ಬೀದಿಯೇ ಹೌದು. ಅಲ್ಲಿ ಯಾರೂ ಅವ್ವನ ಜಾತಿಯನ್ನು ಕೇಳಲಿಲ್ಲ. ಕಾವಲುಗಾರ ಅವಳನ್ನು ಎಬ್ಬಿಸಿದ್ದು ಅವಳು ಯಾರ ಮಗಳೆಂಬ ಕಾರಣಕ್ಕಲ್ಲ, ಏನನ್ನೂ ಕೊಳ್ಳದವಳೆಂಬ ಕಾರಣಕ್ಕೆ. ಇದು ಮುನ್ನಡೆಯೇ ಎಂದು ಕೇಳಿದರೆ, ಹೌದು, ಮುನ್ನಡೆಯೇ. ಅಷ್ಟೇ ಸಾಕೇ ಎಂದು ಕೇಳಿದರೆ, ಸಾಲದು. ಹುಟ್ಟಿನ ಬೇಲಿಯನ್ನು ಕಿತ್ತ ಜಾಗದಲ್ಲಿ ಹಣದ ಬೇಲಿಯನ್ನು ನೆಟ್ಟರೆ, ಬೇಲಿಯ ಹೊರಗೆ ನಿಲ್ಲುವವರು ಬಹುತೇಕ ಅದೇ ಜನರಾಗಿರುತ್ತಾರೆ. ಬೀದಿ ವ್ಯಾಪಾರಿಗಳ ವಿಷಯವೂ ಹೀಗೆಯೇ. ಅವರ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಸಂಸತ್ತು ಕಾನೂನು ಮಾಡಿತು. ಪ್ರತಿ ಪಟ್ಟಣದಲ್ಲಿಯೂ ಅವರ ಪ್ರತಿನಿಧಿಗಳನ್ನೊಳಗೊಂಡ ಸಮಿತಿ ಇರಬೇಕೆಂದಿತು. ಆದರೂ ಬೀದಿಯನ್ನು ಸುಂದರಗೊಳಿಸುವ ನಕ್ಷೆ ಸಿದ್ಧವಾದಾಗ ಮೊದಲು ಅಳಿಸಿಹೋಗುವುದು ಸೌತೆಕಾಯಿ ಮಾರುವವಳ ಬುಟ್ಟಿಯೇ. ಅವಳು ಬೀದಿಯ ಕೊಳೆಯಲ್ಲ, ಬೀದಿಯ ಕಣ್ಣು. ಅಂಗಡಿಗಳ ಬಾಗಿಲು ಬಿದ್ದ ಮೇಲೂ ಬೀದಿಯಲ್ಲಿ ಒಂದು ದೀಪವಿದೆಯೆಂದರೆ ಅದು ಅವಳದು.

ನಮ್ಮೂರಿನ ಹಳೆಯ ಹೆದ್ದಾರಿ

ಈಗ ಮೊದಲಿನ ಪ್ರಶ್ನೆಗೆ ಉತ್ತರ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ನಡೆದ ಸಮಾರಂಭದಲ್ಲಿ ಬೆಂಗಳೂರು-ಮೈಸೂರು ನಡುವಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಎರಡು ಮಹಾನಗರಗಳ ನಡುವಿನ ಪ್ರತಿ ಬಸ್ಸು, ಲಾರಿ, ಕಾರು ಮದ್ದೂರು ಮತ್ತು ಮಂಡ್ಯ ಪಟ್ಟಣಗಳ ಎದೆಯ ಮೇಲೆಯೇ ಹಾದುಹೋಗುತ್ತಿತ್ತು. ಈಗ ಅವು ಊರ ಹೊರಗಿನ ಬೈಪಾಸುಗಳಲ್ಲಿ ಹಾರಿಹೋಗುತ್ತವೆ. ಮದ್ದೂರಿನ ಹೋಟೆಲಿನವರು, ಹಣ್ಣಿನ ಅಂಗಡಿಯವರು, ಎಳನೀರು ಮಾರುವವರು ಕಳೆದುಕೊಂಡ ವ್ಯಾಪಾರ ಸಣ್ಣದಲ್ಲ. ಆ ನಷ್ಟವನ್ನು ಹಗುರವಾಗಿ ಮಾತನಾಡುವ ಹಕ್ಕು ನನಗಿಲ್ಲ. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೊಸ ಹೆದ್ದಾರಿಯಲ್ಲಿ ಪ್ರವೇಶವಿಲ್ಲ. ಹೊಸ ದಾರಿ ದಾಟಿ ಹೋಗುವವರದಾಯಿತು. ಹಳೆಯ ದಾರಿ ಇಲ್ಲಿ ಬದುಕುವವರ ಪಾಲಿಗೆ ಉಳಿಯಿತು.

ಹಾಗೆ ಉಳಿದದ್ದನ್ನು ನಾವು ಏನು ಮಾಡುತ್ತೇವೆ? ಪ್ರಶ್ನೆ ಇರುವುದು ಇಲ್ಲಿ. ದಶಕಗಳ ಕಾಲ ಊರನ್ನು ಎರಡಾಗಿ ಸೀಳಿದ್ದ, ಮಕ್ಕಳು ದಾಟಲು ಹೆದರುತ್ತಿದ್ದ ರಸ್ತೆ ಇಂದು ಕೊಂಚ ಉಸಿರಾಡುತ್ತಿದೆ. ಬೆಂಗಳೂರು ಕೋಟ್ಯಂತರ ರೂಪಾಯಿ ಸುರಿದು, ವಾಹನಗಳನ್ನು ಬಲವಂತದಿಂದ ತಡೆದು ಪಡೆಯಲು ಹೆಣಗಿದ ಅವಕಾಶ ನಮಗೆ ಅಯಾಚಿತವಾಗಿ ಬಂದಿದೆ. ಅದನ್ನು ಬೈಕು ನಿಲ್ಲಿಸುವ ಬಯಲಾಗಿ ಬಿಟ್ಟುಬಿಡಬಹುದು. ಇಲ್ಲವೇ ಬೆಂಗಳೂರನ್ನು ನೋಡಿ ನಕಲು ಮಾಡಿ, ಕಲ್ಲು ಹಾಸಿ, ಅಲಂಕಾರದ ದೀಪ ನೆಟ್ಟು, ಶಿಲಾಫಲಕ ಬಿಡಿಸಿ ಮುಗಿಸಬಹುದು. ಎರಡೂ ತಪ್ಪೆಂದು ನನ್ನ ಅಭಿಪ್ರಾಯ.

ನಮಗೆ ಬೇಕಾದದ್ದು ಕಲ್ಲಲ್ಲ, ನೆರಳು. ಹೊಂಗೆ, ಬೇವು, ಮಳೆಮರ ನಮ್ಮ ಮಣ್ಣಿಗೆ ಹೊಸತಲ್ಲ. ನೂರು ಹೆಜ್ಜೆಗೊಂದು ಕಡೆ, ಹಣ ಕೇಳದೆ ಕೂರಿಸಿಕೊಳ್ಳುವ ಒಂದು ಬೆಂಚು, ಅಥವಾ ಮರದ ಸುತ್ತ ಒಂದು ಕಟ್ಟೆ. ಕಟ್ಟೆ ಕಟ್ಟುವ ವಿದ್ಯೆಯನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ, ಜಾತಿ ಕೇಳದ ಕಟ್ಟೆ ಕಟ್ಟುವುದನ್ನು ಮಾತ್ರ ಕಲಿಯಬೇಕು. ಹೆಂಗಸರು ಹಿಂಜರಿಯದೆ ಹೋಗಬಹುದಾದ, ಬೀಗ ಹಾಕಿರದ, ನೀರಿರುವ ಶೌಚಾಲಯ. ಮಂಡಿ ನೋಯದ ಸಮತಟ್ಟಾದ ಕಾಲುದಾರಿ. ಎಳನೀರಿನವನಿಗೂ ಹೂವಿನವಳಿಗೂ ಗುರುತು ಮಾಡಿದ ಜಾಗ. ರಸ್ತೆ ದಾಟುವ ಮಗುವಿಗಾಗಿ ನಿಲ್ಲುವ ವಾಹನ. ಇವಕ್ಕೆ ವಿದೇಶದ ತಜ್ಞರು ಬೇಕಿಲ್ಲ. ರೋಟರ್‌ಡ್ಯಾಮಿನಿಂದ ಕಲಿಯಬೇಕಾದದ್ದು ಗಾಜಿನ ಕಿಟಕಿಯನ್ನಲ್ಲ, ಮಳೆಗೆ ಚಾಚಿದ ಆ ಸೂರನ್ನು. ಚಂಡೀಗಢದಿಂದ ಕಲಿಯಬೇಕಾದದ್ದು ಕಾಂಕ್ರೀಟನ್ನಲ್ಲ, ಆ ಪಡಸಾಲೆಯನ್ನು. ಚರ್ಚ್ ಸ್ಟ್ರೀಟಿನಿಂದ ಕಲಿಯಬೇಕಾದದ್ದು, ಒಬ್ಬ ಮುದುಕಿ ಮಗನ ಕೈ ಬಿಟ್ಟು ತಲೆಯೆತ್ತಿ ನಡೆದ ಆ ಇನ್ನೂರು ಹೆಜ್ಜೆಗಳನ್ನು.

ಓದುಗರೇ, ಮುಂದಿನ ಸಲ ನೀವು ಪೇಟೆಗೆ ಹೊರಟಾಗ ಒಂದು ಸಣ್ಣ ಲೆಕ್ಕ ಹಾಕಿ. ಬಸ್ಸಿನಿಂದ ಇಳಿದ ಜಾಗದಿಂದ ನಿಮ್ಮ ಅಂಗಡಿಯವರೆಗೆ, ಒಂದು ಪೈಸೆಯನ್ನೂ ಖರ್ಚು ಮಾಡದೆ ಎಷ್ಟು ಕಡೆ ಕೂರಬಹುದು? ಎಷ್ಟು ಕಡೆ ನಿಮ್ಮ ತಾಯಿ ಧೈರ್ಯವಾಗಿ ಒಂದು ಲೋಟ ನೀರು ಕುಡಿಯಬಹುದು? ಆ ಎರಡು ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು, ವಾರ್ಡಿನ ಸದಸ್ಯರು ಮತ ಕೇಳಲು ಮನೆಗೆ ಬಂದಾಗ ಅವರ ಕೈಗೆ ಕೊಡಿ. ಮಾರ್ಗ ಬಹಳ ಸರಳ. ಅವ್ವನಂಥವರು ಅಲ್ಲಿಯವರೆಗೂ ನೀರು ಕುಡಿಯದೆಯೇ ಮನೆಯಿಂದ ಹೊರಡುತ್ತಿರುತ್ತಾರೆ.